ಬಿಳಿ ಗಂಡುಮರಿಯ ಸಲಿಗೆ

ತೊಮಾಸಾ ಈ ಮನೆಗೆ ಕಿರಿಸೊಸೆಯಾಗಿ ಬಂದು ಎರಡು ವರ್ಷವಾಗಿತ್ತಷ್ಟೆ. ಆಗಲೇ ಉಣ್ಣೆಗೆಂದು ಸಾಕಿದ ಅಲ್ಪಾಕಗಳೆಲ್ಲ ಅವಳ ಮಾತು ಕೇಳುತ್ತಿದ್ದವು. ಹಿರಿಸೊಸೆ ಬೆನಿಗ್ನಾ ಹದಿನಾರು ವರ್ಷದಿಂದ ಅದೇ ಹಿಂಡಿನ ಹಿಂದೆ ಕಾಲು ಸವೆಸಿದವಳು. ಅವಳು ಕೈ ಚಾಚಿದರೆ ಮುಖಕ್ಕೇ ಉಗುಳುತ್ತಿದ್ದವು. ಇದು ಎಲ್ಲಿಯ ನ್ಯಾಯ!

"ಅಕ್ಕಾ, ಹಿಂದಿನಿಂದ ಹೋಗ್ಬೇಡ. ಪಕ್ಕದಲ್ಲಿ ನಿಂತು ಮೆತ್ತಗೆ ಹಿಡಿ," ಎನ್ನುತ್ತಿದ್ದಳು ತೊಮಾಸಾ.

"ನಿನ್ನ ಮೂಗು ಸೋರ್ತಿದ್ದ ಕಾಲಕ್ಕೇ ನಾನು ಹಿಡಿದೋಳು ಕಣೇ. ನಂಗೆ ಹೇಳ್ಕೊಡೋಕೆ ಬಂದ್ಲು!"

ಮಾವ ಮೆಲ್ಚೋರನಿಗೆ ಮಂಡಿನೋವು. ಬರುವ ಕಾರ್ನಿವಲ್ ಹಬ್ಬಕ್ಕೆ, ಅಲ್ಪಾಕಗಳ ಕಿವಿಗೆ ಬಣ್ಣದ ಉಣ್ಣೆಯ ಗೊಂಡೆ ಕಟ್ಟುವ ದಿನ, ಹಿಂಡನ್ನು ಒಬ್ಬ ಸೊಸೆಗೆ ಒಪ್ಪಿಸುತ್ತೇನೆ ಎಂದಿದ್ದ. ಯಾರಿಗೆಂದು ಹೇಳಿರಲಿಲ್ಲ. ಹೇಳಬೇಕೇ? ಊಟಕ್ಕೆ ಕೂತರೆ ಸಾಕು, "ತೊಮಾಸಾ ಕೈಗುಣಾನೇ ಬೇರೆ" ಎಂಬ ಅದೇ ರಾಗ. ಹಿಂಡು ಅವಳಿಗೇ ಎಂದು ಬಾಯಿಬಿಟ್ಟು ಹೇಳುವುದೊಂದೇ ಬಾಕಿ. ಬೆನಿಗ್ನಾ ಸೂಪಿನ ಬಟ್ಟಲು ಸರಿಸಿ ಎದ್ದುಬಿಡುತ್ತಿದ್ದಳು.

ಎರಡು ಮಳೆಗಾಲದ ಹಿಂದೆ ಹುಟ್ಟಿ ಈಗ ಬಲಿಯತೊಡಗಿದ್ದ ಅಚ್ಚಬಿಳಿ ಗಂಡುಮರಿಯೊಂದಿತ್ತು. ಮುಂದೆ ಹಿಂಡಿಗೆ ಬೀಜದ ಗಂಡು ಇದೇ ಎಂದು ಮಾವ ಆರಿಸಿಟ್ಟಿದ್ದ. ಇದೊಂದಾದರೂ ತನ್ನ ಬೆನ್ನು ಹತ್ತಲಿ ಎಂದು ಬೆನಿಗ್ನಾ ಹಟಕ್ಕೆ ಬಿದ್ದಳು. ಕಲ್ಲುಗೋಡೆಯ ಮರೆಯಲ್ಲಿ ದಿನವೂ ಬಾರ್ಲಿ ತಿನ್ನಿಸಿದಳು, ಕತ್ತು ತುರಿಸಿದಳು, ತಬ್ಬಿ ಕೂತಳು. ಗಂಡುಮರಿಯನ್ನು ಮುದ್ದಿಸಬಾರದೆಂದು ಆಂಡಿಸ್ ಬೆಟ್ಟದ ಪುಟ್ಟ ಮಕ್ಕಳಿಗೂ ಗೊತ್ತು. ಮುದ್ದಿಸಿದರೆ ಅದು ಮನುಷ್ಯರನ್ನೂ ತನ್ನ ಜಾತಿಯೆಂದೇ ಎಣಿಸಿ, ಬಲಿತ ಮೇಲೆ ಎದುರಾಳಿ ಗಂಡಿನ ಮೇಲೆ ಬೀಳುವಂತೆ ಜನರ ಮೇಲೆ ಬೀಳುತ್ತದೆ. ಅಂಥದ್ದನ್ನು ಯಾರೂ ಉಳಿಸಿಕೊಳ್ಳುವುದಿಲ್ಲ, ಕೊಯ್ದುಬಿಡುತ್ತಾರೆ. ಇದೆಲ್ಲ ಬೆನಿಗ್ನಾಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಟ್ಟೆಕಿಚ್ಚು ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ.

ಕಾರ್ನಿವಲ್ ದಿನ ನೆರೆಯವರೆಲ್ಲ ಮೆಕ್ಕೆಜೋಳದ ಹೆಂಡ ಚಿಚಾ ಕುಡಿಯುತ್ತ ದೊಡ್ಡಿಯ ಸುತ್ತ ನಿಂತಿದ್ದರು. ತೊಮಾಸಾ ಕೆಂಪು ಗೊಂಡೆ ಹಿಡಿದು ಬಿಳಿಯದರ ಬಳಿ ಹೋದಳು. ಅದು ಕಿವಿ ಹಿಂದಕ್ಕೊತ್ತಿ ಅರಚಿತು, ಎದೆಯಿಂದ ಗುದ್ದಿ ಅವಳನ್ನು ಕೆಡವಿತು, ಹೆಗಲಿಗೆ ಬಾಯಿ ಹಾಕಿತು. ಬೆನಿಗ್ನಾಳಿಗೆ, ಸುಳ್ಳೇಕೆ, ಒಳಗೊಳಗೇ ಹಿಗ್ಗಾಯಿತು.

"ಯಾವ ತಲೆಕೆಟ್ಟೋರು ಇದನ್ನ ಮುದ್ದು ಮಾಡಿದ್ದು?" ಮಾವ ಗುಡುಗಿದ.

ಮರಿ ಎಲ್ಲರನ್ನೂ ದಾಟಿ ನೆಟ್ಟಗೆ ಬೆನಿಗ್ನಾಳ ಹತ್ತಿರ ಬಂತು. ಅವಳ ಶಾಲಿನೊಳಗೆ ಮೂತಿ ತೂರಿಸಿ ಬಾರ್ಲಿ ಹುಡುಕತೊಡಗಿತು.

ಮಾವ ಬಯ್ಯಲಿಲ್ಲ. "ತೊಮಾಸಾ, ಏಳಮ್ಮ. ಹಿಂಡು ಇನ್ಮೇಲೆ ನಿಂದು," ಎಂದ. ಆಮೇಲೆ ಹಿರಿಸೊಸೆಯ ಕಡೆ ತಿರುಗಿದ. "ಇದನ್ನ ನೀನೇ ಹಿಡ್ಕೊಂಡಿರು. ಬೇರೆ ಯಾರ ಹತ್ರಾನೂ ನಿಲ್ಲಲ್ಲ." ಹಾಗೆಂದವನೇ ಚಾಕು ತರಲು ಒಳಗೆ ಹೋದ.

ಬೆನಿಗ್ನಾ ಮರಿಯ ಕತ್ತು ಹಿಡಿದಳು. ಅದು ಅಲುಗಾಡದೆ ನಿಂತಿತು.