ಕಾಂಗ್ಯಾಂಗಳ ಪಾಲಿನ ಕ್ಷಮೆ

ಪಾಸ್ಟರ್ ಚುವಾಂಗ್ ರೇಡಿಯೋದಲ್ಲಿ ಮಾತಾಡಿದಾಗ ಕಾಂಗ್ಯಾಂಗ್ ಜೋಸ್ ಪಟ್ಟಣದ ಬಳಿಯ ತನ್ನ ಹಳ್ಳಿಮನೆಯ ಅಂಗಳದಲ್ಲಿ ಕೂತು ಆಲೂಗಡ್ಡೆ ಆರಿಸುತ್ತಿದ್ದಳು. ‘ಕೊಂದವರನ್ನು ನಮ್ಮ ಸಭೆ ಕ್ಷಮಿಸಿದೆ’ ಎಂದರು ಅವರು. ಅವಳ ಕೈ ನಿಂತುಹೋಯಿತು.

ಈಸ್ಟರ್ ಕಳೆದ ಮರುವಾರ, ಆರಾಧನೆ ನಡೆದಿರುವಾಗಲೇ ಬಂದೂಕಿನವರು ಚರ್ಚಿಗೆ ನುಗ್ಗಿದ್ದರು. ಹಾಡುವವರ ಜೊತೆ ಡೋಲು ಬಾರಿಸುತ್ತಿದ್ದ ಅವಳ ಗಂಡ ಡುಂಗ್, ಮಕ್ಕಳನ್ನೆಲ್ಲ ಹಿಂಬಾಗಿಲಿನಿಂದ ದಾಟಿಸಿ, ತಾನು ದಾಟುವ ಮೊದಲೇ ಅವಳ ಕಣ್ಣೆದುರು ಗುಂಡಿಗೆ ಬಿದ್ದಿದ್ದ. ಪಾಸ್ಟರರ ತಮ್ಮನೂ ಅಂದೇ ಸತ್ತ.

ರೇಡಿಯೋ ಮಾತು ಕೇಳಿದ ಮುಂದಿನ ಭಾನುವಾರ ಚರ್ಚಿನಲ್ಲಿ ಪಾಸ್ಟರರ ಪ್ರಸಂಗ ಮುಗಿಯುತ್ತಲೇ ಅವಳು ಎದ್ದು ನಿಂತಳು.

“ಪಾಸ್ಟರೇ, ಡುಂಗ್‌ನ ಕೊಂದವರನ್ನ ಕ್ಷಮಿಸಿ ಅಂತ ನಿಮಗೆ ಯಾರು ಹೇಳಿದ್ರು?”

“ಕೂತ್ಕೊಳ್ಳಮ್ಮಾ, ಇದು ದೇವರ ಮನೆ,” ಎಂದರು ಹಿಂದಿನಿಂದ ಯಾರೋ.

“ದೇವರ ಮನೇಲೇ ಅಲ್ವಾ ಹೊಡೆದು ಹಾಕಿದ್ದು? ಇಲ್ಲೇ ಕೇಳ್ತೀನಿ. ನಿಮ್ಮ ತಮ್ಮನ ಪಾಲಿಂದು ನೀವು ಕ್ಷಮಿಸಿ ಪಾಸ್ಟರೇ. ನನ್ನ ಪಾಲಿಗೆ ಕೈ ಹಾಕ್ಬೇಡಿ.”

ಪಾಸ್ಟರ್ ಮೆಟ್ಟಿಲಿಳಿದು ಅವಳ ಹತ್ತಿರ ಬಂದರು. “ತಪ್ಪಾಯ್ತಮ್ಮ. ನಿನ್ನ ಕೇಳಬೇಕಿತ್ತು. ನಿಜ ಹೇಳ್ಬೇಕಂದ್ರೆ ನನ್ನ ಕ್ಷಮೆ ಇನ್ನೂ ಬಾಯಲ್ಲೇ ಇದೆ, ಎದೆಗೆ ಇಳಿದಿಲ್ಲ.”

ಮಳೆ ಮುಗಿದು ಸಂತೆ ಮತ್ತೆ ಕೂಡತೊಡಗಿತು. ಹಿಂದೆಲ್ಲ ಮೊಸರು ತರುತ್ತಿದ್ದ, ದನ ಕಾಯುವ ಫುಲಾನಿ ಜನಾಂಗದ ಹೆಂಗಸರಲ್ಲಿ ಡಿಜೆ ಎಂಬ ಮುದುಕಿಯೊಬ್ಬಳೇ ಬಂದಳು. ಬಂದೂಕಿನವರ ಜನಾಂಗದವಳೆಂದು ಅವಳ ಮೊಸರಿನ ಸೋರೆಬುರುಡೆಯ ಹತ್ತಿರ ಒಬ್ಬರೂ ಸುಳಿಯಲಿಲ್ಲ.

“ಮೊಸರಲ್ಲಿ ಎಷ್ಟು ಗುಂಡು ಕಲಸಿದೀಯ ಅಜ್ಜಿ?” ಎಂದು ಬಾಡಿಗೆ ಬೈಕಿನ ಹುಡುಗರು ಕೆಣಕಿದರು.

ಮುದುಕಿ ಎದ್ದು, ಆಲೂಗಡ್ಡೆ ಮಾರುತ್ತಿದ್ದ ಕಾಂಗ್ಯಾಂಗಳ ಮುಂದೆ ನೇರ ಬಂದು ಕುಕ್ಕರುಗಾಲಲ್ಲಿ ಕೂತಳು.

“ಅವರ ಜೊತೆ ನನ್ನ ಮಗನೂ ಇದ್ದ ಕಣವ್ವ. ಬೆಳಿಗ್ಗೆ ಹೋಗೋವಾಗ ನಂಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಮನೆಯೊಳಗೆ ಬಿಟ್ಕೊಳ್ಳಲಿಲ್ಲ. ಎಲ್ಲಿಗೋ ಹೋದ. ಇದನ್ನ ಹೇಳದೆ ನಿಂಗೆ ಮೊಸರು ಮಾರೋಕೆ ಮನಸ್ಸು ಒಪ್ಪಲಿಲ್ಲ.”

ಕಾಂಗ್ಯಾಂಗ್ ಆಲೂಗಡ್ಡೆಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು. ಬಾಗಿಲು ಹಾಕಿಕೊಂಡು, ‘ಅವನು ಸಾಯಲಿ, ಸ್ವಾಮೀ, ಅವನು ಸಾಯಲಿ’ ಎಂದು ಮತ್ತೆ ಮತ್ತೆ ಬೇಡಿಕೊಂಡಳು. ಬೇಡುತ್ತ ಬೇಡುತ್ತ ಕಣ್ಣೆದುರಿಗೆ ಬಂದದ್ದು ಆ ಹುಡುಗನಲ್ಲ, ಮಣ್ಣಿನಲ್ಲಿ ಕುಕ್ಕರಿಸಿದ್ದ ಅವನ ತಾಯಿ. ಆಗ ಅವಳಿಗೆ ಅಳು ಬಂತು. ಡುಂಗ್‌ನನ್ನು ಮಣ್ಣು ಮಾಡಿದ ಮೇಲೆ ಅತ್ತದ್ದು ಅದೇ ಮೊದಲು.

ಮುಂದಿನ ಸಂತೆಗೆ ಪಾತ್ರೆ ಹಿಡಿದು ಹೋದಳು.

“ಎರಡು ಸೌಟು ಹಾಕು.”

“ಏನತ್ತೇ, ಡುಂಗ್ ಮಾವನ್ನ ಇಷ್ಟು ಬೇಗ ಮರೆತ್ಯಾ?” ಎಂದ ಬೈಕಿನವನೊಬ್ಬ.

“ಮರೆಯೋಕಾಗಿದ್ರೆ ಇಷ್ಟು ಕಷ್ಟ ಯಾಕೋ ಪಡ್ತಿದ್ದೆ? ಹೋಗು, ನಿನ್ನ ಕೆಲಸ ನೋಡು.” ಆಮೇಲೆ ಮುದುಕಿಯತ್ತ ತಿರುಗಿದಳು. “ನಿನ್ನ ಮಗನ ಹೆಸರೇನು? ಪ್ರಾರ್ಥನೆಗೆ ಬೇಕು.”

“ಲಾವಲ್.”

“ಅವನ ಪ್ರಾಣ ನಂಗೆ ಬೇಡ. ಕ್ಷಮಿಸಿದೀನಿ ಅಂತ ಅವನು ಸಿಕ್ರೆ ಹೇಳು. ಆದ್ರೆ ಪೊಲೀಸರು ಹಿಡಿದ್ರೆ ನಾನು ಸಾಕ್ಷಿಗೆ ಹೋಗ್ತೀನಿ, ನೋಡಿದ್ದನ್ನ ಹೇಳ್ತೀನಿ.”

ಮುದುಕಿ ಪಾತ್ರೆಗೆ ಎರಡನೇ ಸೌಟು ಸುರಿದಳು. “ನಾನೂ ಬರ್ತೀನಿ,” ಎಂದಳು.

ಆ ಮೊಸರು ಅಂದು ಕಾಂಗ್ಯಾಂಗಳ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದ ಮನೆಗೆ ಕೊಟ್ಟಳು. “ಹಗುರ ಆಯ್ತಾ?” ಎಂದು ಪಾಸ್ಟರ್ ಕೇಳಿದ್ದಕ್ಕೆ, “ದಿನಾ ಬೆಳಿಗ್ಗೆ ಹೊಸದಾಗಿ ಕ್ಷಮಿಸ್ಬೇಕು ಪಾಸ್ಟರೇ. ಕೆಲವು ದಿನ ಆಗಲ್ಲ,” ಎಂದಳು.

ಧೂಳುಗಾಳಿ ಬೀಸುವ ಕಾಲಕ್ಕೆ ಲಾವಲ್ ಸಿಕ್ಕಿಬಿದ್ದ. ಜೋಸ್‌ನ ಕೋರ್ಟಿನಲ್ಲಿ ಇಬ್ಬರು ಹೆಂಗಸರೂ ತಮಗೆ ಗೊತ್ತಿದ್ದಷ್ಟನ್ನು ಹೇಳಿದರು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ವಾಪಸು ಬರುವ ಬಸ್ಸಿನಲ್ಲಿ ಡಿಜೆ ಸದ್ದಿಲ್ಲದೆ ಅಳುತ್ತಿದ್ದಳು. ಊರು ಬರುವವರೆಗೂ ಕಾಂಗ್ಯಾಂಗ್ ಅವಳ ಕೈ ಹಿಡಿದು ಕೂತಿದ್ದಳು.