ಐದನೆಯ ಕಲ್ಲು

2024ರ ಜನವರಿ 23, ಮಂಗಳವಾರ, ಬೆಳಿಗ್ಗೆ 10.40. ಉಡಿಗಾಲದಿಂದಾಚೆಯ ಕೋಟೆಗುಡ್ಡದ ಇಳಿಜಾರಿನಲ್ಲಿ ಪುರಾತತ್ವ ಇಲಾಖೆಯ ಟೇಪು ಹಿಡಿದು ನಿಂತಿದ್ದೆ. ಕೋಟೆಯಿಂದ ನೂರು ಮೀಟರಿನೊಳಗೆ ಹೊಸದೇನೂ ಕಟ್ಟುವಂತಿಲ್ಲ, ಬಿದ್ದದ್ದನ್ನು ಮತ್ತೆ ಎಬ್ಬಿಸುವಂತೆಯೂ ಇಲ್ಲ. ದೊಡ್ಡಮಲ್ಲಮ್ಮನವರ ಅಡುಗೆಮನೆ ಹೋದ ಮಳೆಗಾಲದಲ್ಲಿ ಕುಸಿದಿತ್ತು. ಅದನ್ನು ಮತ್ತೆ ಕಟ್ಟಬಹುದೋ ಇಲ್ಲವೋ ಎಂಬುದು ನನ್ನ ಅಳತೆಯ ಮೇಲಿತ್ತು.

ತೊಡಕಿದ್ದದ್ದು ಕೋಟೆ ಎಲ್ಲಿ ಮುಗಿಯುತ್ತದೆ ಎಂಬುದರಲ್ಲಿ. ನೆತ್ತಿಯ ಕಡೆಯಿಂದ ಒಂದು ಕಲ್ಲಿನ ಸಾಲು ಮನೆಯತ್ತ ಇಳಿದು ಬಂದಿತ್ತು. ಸಂದಿಗಳಲ್ಲಿ ಸುಣ್ಣ ಕಂಡು, ಹಳೆಯ ಗಾರೆಯೆಂದುಕೊಂಡು, ಸಾಲಿನ ಕೆಳತುದಿಯಿಂದ ಅಳೆದು 61 ಮೀಟರ್ ಎಂದು ಬರೆದೂಬಿಟ್ಟೆ.

“ಬರ್ಕಳವ್ವ. ಉಮ್ಮತ್ತೂರು ಪಾಳೇಗಾರ್ರು ಕುದ್ರೆ ಕಟ್ತಿದ್ದ ಗೋಡೆ ಇದು,” ಎಂದರು ದೊಡ್ಡಮಲ್ಲಮ್ಮನವರ ಯಜಮಾನರು ಶಾಂತಮಲ್ಲಪ್ಪ.

“ನಿಮ್ಮಪ್ಪ ಕುರಿ ಕೂಡಕ್ಕೆ ಕಟ್ಟಿದ್ದು ಕಣ್ರೀ. ಸುಣ್ಣ ಬಳ್ದಿರೋಳು ನಾನು, ವರ್ಸ ವರ್ಸ ಸಂಕ್ರಾಂತಿಗೆ,” ಎಂದರು ದೊಡ್ಡಮಲ್ಲಮ್ಮ. “ನಿಮ್ಮ ಕುದ್ರೆ ನನ್ನ ಒಲೆ ತಿನ್ಕತದೆ, ಸುಮ್ಕಿರಿ.”

“ಕಲ್ಲು ಕ್ವಾಟೆವೇ ಕಣಮ್ಮಿ.”

“ಕಲ್ಲು ಕ್ವಾಟೆವು. ಒತ್ಕಂಡ್ ಬಂದೋರು ನಿಮ್ಮಪ್ಪ.”

ಯಾರನ್ನು ನಂಬಲಿ? ನಾನು ಓದಿದ್ದು ಭೂವಿಜ್ಞಾನ. ಕೆಳಗಿರುವುದು ಮೇಲಿರುವುದಕ್ಕಿಂತ ಮೊದಲು ಬಂದದ್ದು ಎಂಬುದಷ್ಟೇ ನನಗೆ ಗಟ್ಟಿ. ಕಲ್ಲುಗಳ ಬುಡ ಕೆದಕುತ್ತ ಹೋದೆ. ಕೆಳತುದಿಯ ಕಲ್ಲಿನಡಿ ಕಾರ್ಖಾನೆಯ ಮುದ್ರೆಯಿದ್ದ ಹೆಂಚಿನ ಚೂರು ಸಿಕ್ಕಿತು. ಪಾಳೇಗಾರರ ಕಾಲದಲ್ಲಿ ಅಂಥ ಹೆಂಚಿರಲಿಲ್ಲ. ಹಾಗಾದರೆ ಕುರಿದೊಡ್ಡಿಯೇ ಸರಿ ಎಂದು 61 ಹೊಡೆದುಹಾಕಿ ಮೇಲೇರಿದರೆ, ಮೇಲ್ತುದಿಯ ನಾಲ್ಕು ಕಲ್ಲುಗಳು ಉಳಿಯಿಂದ ಮಟ್ಟಮಾಡಿದ ಬಂಡೆಯ ಮೇಲೆ ಕೂತಿದ್ದವು. ಕುರಿಗಾಗಿ ಯಾರೂ ಬಂಡೆ ಕಡಿಯುವುದಿಲ್ಲ. ಆ ನಾಲ್ಕು ಕೋಟೆಯವೇ. ಆರನೆಯದರಿಂದ ಕೆಳಗೆ ಹೆಂಚಿನ ಚೂರು ಸಿಗುತ್ತಲೇ ಇತ್ತು; ಐದನೆಯದರ ಅಡಿಯಲ್ಲಿ ಮಾತ್ರ ಹೆಂಚೂ ಇಲ್ಲ, ಕಡಿದ ಬಂಡೆಯೂ ಇಲ್ಲ, ಬರೀ ಮಣ್ಣು. ಮೂರು ಸಲ ಕೆದಕಿದೆ. ಪಾಳೇಗಾರನದೋ, ಶಾಂತಮಲ್ಲಪ್ಪನವರ ತಂದೆಯದೋ, ಈಗಲೂ ನನಗೆ ತಿಳಿಯದು.

ತಿಳಿಯದ್ದನ್ನು ಕೋಟೆಯ ಪಾಲಿಗೇ ಬಿಟ್ಟೆ. ಕುಸಿದ ಅಡುಗೆಮನೆಗೆ ಐದನೆಯ ಕಲ್ಲಿನಿಂದ 94 ಮೀಟರ್ ಬಂತು, ನೂರಕ್ಕೆ ಆರು ಕಡಿಮೆ.

ದೊಡ್ಡಮಲ್ಲಮ್ಮ ಮನೆಯ ಹಿಂಬದಿಗೆ ಕೈ ತೋರಿಸಿದರು. “ಮನೆ ಇಂದ್ಗಡೆ, ಇತ್ಲಲ್ಲಿ ಒಲೆ ಆಕಂಡ್ರೆ?”

“ಅಲ್ಲಿ ನನ್ನ ಮಂಚ ಅದೆ ಕಣಮ್ಮಿ.”

“ಮಂಚ ಕ್ವಾಟೆ ಒಳಕ್ಕೆ ಆಕಳಿ. ಪಾಳೇಗಾರ್ರಲ್ವ ನೀವು?”

ಶಾಂತಮಲ್ಲಪ್ಪ ಟೇಪಿನ ತುದಿ ಹಿಡಿದು ಹಿತ್ತಿಲಿಗೆ ನಡೆದರು. ಅಲ್ಲಿಗೆ 101.3 ಮೀಟರ್.