ಮೂರು ಚುಕ್ಕೆಗೆ ಕೂದಲೆಳೆ ಕಡಿಮೆ

ಶೀರಾಜಿನ ವಸಂತವನ್ನು ಏನೆಂದು ಬಣ್ಣಿಸಲಿ, ರಸಿಕ ಓದುಗರೇ! ಬೀದಿಬೀದಿಯ ಕಹಿಕಿತ್ತಳೆ ಮರಗಳು ಶ್ವೇತಕುಸುಮಭಾರವನ್ನು ತಾಳಲಾರದೆ ಸುರಿಸುತ್ತಿದ್ದವು. ಪ್ರಾತಃಕಾಲದ ಹೊಂಬೆಳಕು ಆ ಪರಿಮಳದಲ್ಲಿ ಮಿಂದು, ಮಹ್ರೂಳ ಬಣ್ಣಗಾಜಿನ ಕಿಟಕಿಯಿಂದ ಮೆಲ್ಲನೆ ಒಳಗಿಳಿದು, ಅವಳ ಜೊಂಡಿನ ಲೇಖನಿ, ಮಸಿಕುಡಿಕೆ, ಮಸಿ ಹತ್ತಿದ ಬೆರಳುಗಳ ಮೇಲೆಲ್ಲ ಸಂಕೋಚವಿಲ್ಲದೆ ಕುಳಿತಿತ್ತು... ಬೆಳಕಿಗಿದ್ದ ಈ ಧೈರ್ಯ ಹೊಸ್ತಿಲಲ್ಲಿ ನಿಂತ ಬರ್ದಿಯಾನಿಗೆ ಇರಲಿಲ್ಲ, ಪಾಪ!

ಎರಡು ವರ್ಷದಿಂದ ಅವನು ಆ ಲಿಪಿಕಾರ್ತಿಯ ಕೈಬರಹವನ್ನು ಕಂಪ್ಯೂಟರಿನ ಅಕ್ಷರಗಳಾಗಿ ರೂಪಿಸುತ್ತಿದ್ದ. ಬಲದಿಂದ ಎಡಕ್ಕೆ ಜಾರಿಳಿಯುವ ನಸ್ತಲೀಕ್ ಲಿಪಿ ಅದು. ಅಲ್ಲಿ ಪ್ರತಿ ಅಕ್ಷರದ ಅಳತೆಯೂ ಲೇಖನಿಯ ತುದಿಯಿಂದ ಇಟ್ಟ ಚುಕ್ಕೆಗಳಲ್ಲಿ. ಅಕ್ಷರವನ್ನು ಅವಳು ಒಪ್ಪಿದ ದಿನವೇ ಮದುವೆಯ ಮಾತನ್ನೂ ಎತ್ತಬೇಕೆಂದು ಅವನ ಹೃದಯ ಹಂಬಲಿಸುತ್ತಿತ್ತು. ಅವಳು ಒಲ್ಲೆನೆಂದರೆ ಎರಡೂ ಹೋದಂತೆಯೇ!

ಮೊದಲ ಸಲ ತಂದಾಗ ನೆಟ್ಟಗೆ ಗೀಟಿನಂತೆ ನಿಲ್ಲುವ ಮೊದಲಕ್ಷರವನ್ನು, ಅವಳ ಅಲೆಫ್‌ಗಳನ್ನೆಲ್ಲ, ಶಾಸ್ತ್ರೋಕ್ತವಾಗಿ ಮೂರು ಚುಕ್ಕೆಯ ಎತ್ತರಕ್ಕೆ ತಿದ್ದಿದ್ದ. ಅಕ್ಷರಗಳು ನಿರ್ದೋಷವಾಗಿದ್ದವು, ನಿರ್ಜೀವವಾಗಿದ್ದವು.

“ಚೆನ್ನಾಗಿದೆ. ಯಾರ ಕೈಬರಹ ಇದು?” ಎಂದಿದ್ದಳು ಮಹ್ರೂ.

ಪೆಚ್ಚಾಗಿ ಹೊರಟವನ ಗುಟ್ಟು ಅವಳ ಚಿಕ್ಕಮ್ಮ ತೂರಾನಳಿಗೆ ಎಂದೋ ಗೊತ್ತಾಗಿತ್ತು. “ಮದುಮಗಳು ಹೂ ಕೊಯ್ಯೋಕೆ ಹೋಗಿದಾಳಪ್ಪಾ!” ಎಂದು ಅಡುಗೆಮನೆಯಿಂದ ಕೂಗಿದ್ದಳು. ಆ ನಾಡಿನಲ್ಲಿ ನಿಕಾಹದ ಒಪ್ಪಿಗೆ ಕೇಳಿದಾಗ ಮೊದಲೆರಡು ಸಲ ಹೆಂಗಸರು ಹೀಗೆ ಕೂಗಿ ಸತಾಯಿಸುವುದುಂಟು. ಮದುಮಗಳು ಬಾಯಿ ಬಿಡುವುದು ಮೂರನೆಯದಕ್ಕೆ.

ಎರಡನೆಯ ಸಲ ಅವನು ಬಳುಕು ಹೆಚ್ಚಿಸಿ ತಂದ. ಮಹ್ರೂ ತಲೆಯಾಡಿಸಿದಳು. “ಪನ್ನೀರು ತರೋಕೆ ಹೋಗಿದಾಳೆ!” ಎಂದು ಚಿಕ್ಕಮ್ಮ ಕೂಗಿದಳು.

ಇಂದು ಮೂರನೆಯ ಹಾಳೆ... ಒಳಬಂದು ಅದನ್ನು ಅವಳ ಮುಂದಿಟ್ಟ.

“ನಿಮ್ಮ ಅಲೆಫ್ ಮೂರು ಚುಕ್ಕೆ ಮುಟ್ಟೋದೇ ಇಲ್ಲ, ಖಾನುಮ್. ಕೂದಲೆಳೆಯಷ್ಟು ಕಡಿಮೆ. ಎರಡು ವರ್ಷ ನಾನದನ್ನ ತಪ್ಪು ಅಂತ ತಿದ್ತಾ ಇದ್ದೆ.”

“ಅದಕ್ಕೇ ನಮ್ಮ ಉಸ್ತಾದರು ನನ್ನನ್ನ ಬೈತಿದ್ರು.”

“ಅವರು ಬೈದಿದ್ದನ್ನೆಲ್ಲ ಹಾಗೇ ಉಳಿಸ್ಕೊಂಡಿದೀನಿ.”

ಅವಳು ಓದಿದಳು. ಬಾಲ್ಯದಿಂದ ಅವಳ ಬೆರಳಿಗಂಟಿದ ಆ ಕಿಂಚಿತ್ ಗಿಡ್ಡತನ, ಆ ಅರೆಬಾಗು, ಎಲ್ಲವೂ ಅಲ್ಲಿತ್ತು. ಅವಳದೇ ಅಕ್ಷರಗಳಲ್ಲಿ, ಅವಳು ಎಂದೂ ಬರೆಯದ ಒಂದೇ ಒಂದು ಪ್ರಶ್ನೆ: ಮಹ್ರೂ, ನನ್ನನ್ನು ಮದುವೆಯಾಗುವಿರಾ?

ಕಿಟಕಿಯಾಚೆ ಹೂವೊಂದು ಉದುರಿತು.

“ಮದುಮಗಳು ಹೂ...” ಎಂದು ಅಡುಗೆಮನೆಯಲ್ಲಿ ದನಿಯೆದ್ದಿತು.

“ಸುಮ್ನಿರಿ ಚಿಕ್ಕಮ್ಮಾ!” ಮಹ್ರೂ ಹಾಳೆಯನ್ನು ಎದೆಗೊತ್ತಿಕೊಂಡಳು. “ಮದುಮಗಳು ಮನೇಲೇ ಇದಾಳೆ.”

ಬರ್ದಿಯಾ ನಿಂತಲ್ಲೇ ಕುಳಿತು ಮಗುವಿನಂತೆ ನಕ್ಕ. ನಮ್ಮನ್ನು ತಿದ್ದಲು ಈ ಜಗತ್ತಿನಲ್ಲಿ ಎಷ್ಟೊಂದು ಮಂದಿ, ಓದುಗರೇ! ಅವರ ನಡುವೆ ಒಬ್ಬರು, ನಮ್ಮ ಕೂದಲೆಳೆಯ ಕೊರತೆಯನ್ನು ಕಣ್ಣಾರೆ ಕಂಡು, ಇದು ಹೀಗೆಯೇ ಇರಲಿ ಎಂದುಬಿಟ್ಟರೆ... ಆಹಾ, ಜೀವಕ್ಕೆ ಅದೆಂಥ ನಿರಾಳ!